ವಿಜಯಪುರದ ಖಾನಾವಳಿ ಊಟ: ಹಾಲು-ಬೆಣ್ಣೆ ಬಿಟ್ಟವರ ತಾಟಿನಲ್ಲಿ ಏನುಂಟು, ಏನಿಲ್ಲ

ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್ ಅಂತ ವೈದ್ಯರು ಎಚ್ಚರಿಸಿದ ಮೇಲೆ ಮಾಂಸ-ಮೊಟ್ಟೆಯ ಜೊತೆ ಹಾಲು, ಮೊಸರು, ಬೆಣ್ಣೆ, ತುಪ್ಪವನ್ನೂ ಬಿಟ್ಟು ಬರೀ ಕಾಳುಕಡಿ, ಸೊಪ್ಪು-ತರಕಾರಿಯ ಮೇಲೆ ಇರಬೇಕು ಎಂದುಕೊಳ್ಳುವವರು ಮೊದಲು ಹೋಗುವುದು ಸೂಪರ್ ಮಾರ್ಕೆಟ್ಟಿಗೆ. ಬಾದಾಮಿ ಹಾಲಿನ ಪೆಟ್ಟಿಗೆ, ಓಟ್ಸ್, ಪ್ರೋಟೀನ್ ಪುಡಿ ತಂದು ಎರಡು ವಾರ ಒದ್ದಾಡಿ ಬಿಟ್ಟುಬಿಡುತ್ತಾರೆ. ಬಸ್ ನಿಲ್ದಾಣದ ಸುತ್ತ, ಸ್ಟೇಷನ್ ರಸ್ತೆಯಲ್ಲಿ, ಗಾಂಧಿ ಚೌಕದ ಆಸುಪಾಸಿನ ಓಣಿಗಳಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುವ ಖಾನಾವಳಿಗಳ ಕಡೆಗೆ ಇವರ ಲಕ್ಷ್ಯವೇ ಹೋಗುವುದಿಲ್ಲ. ಆ ಖಾನಾವಳಿಗಳ ರೊಟ್ಟಿ ಊಟ ಮತ್ತು ತಿಂಗಳ ಡಬ್ಬಿ ಇಂಥವರಿಗೆ ಎಷ್ಟರ ಮಟ್ಟಿಗೆ ಸರಿಹೋಗುತ್ತದೆ ಎಂದು ಇಲ್ಲಿ ತಾಟಿನ ಒಂದೊಂದು ಪದಾರ್ಥವನ್ನೂ ಹಿಡಿದು ನೋಡಿದ್ದೇವೆ.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಪದಾರ್ಥಗಳ ಆಯ್ಕೆಗೆ ಖಾನಾವಳಿಗೆ ಹತ್ತಕ್ಕೆ ಒಂಬತ್ತು ಕೊಡಬಹುದು. ಪ್ರಮಾಣಕ್ಕೆ ಐದು ಸಾಕು: ಎಣ್ಣೆ ಜಾಸ್ತಿ, ಉಪ್ಪು ಜಾಸ್ತಿ, ಅನ್ನ ಜಾಸ್ತಿ, ಕಾಳು ಕಡಿಮೆ. ಬಿ12 ಎಂಬ ಒಂದು ವಿಟಮಿನ್ ಮಾತ್ರ ಹಾಲು ತೆಗೆದ ಈ ತಾಟಿನಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಹೊರಗಿನಿಂದಲೇ ದಾರಿ ಹುಡುಕಬೇಕು.

ರೊಟ್ಟಿಯಿಂದ ಶುರು ಮಾಡೋಣ. ವಿಜಯಪುರದ ಕರಿ ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳದಲ್ಲಿ, ಅದರಲ್ಲೂ ಮಾಲದಂಡಿ ತಳಿಯಲ್ಲಿ, ಹಿಟ್ಟಿಗೆ ಬಿಳುಪೂ ಜಿಗಿಯೂ ಚೆನ್ನಾಗಿರುತ್ತವೆ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣ ಇದೆ. ಖಾನಾವಳಿಯ ಅಗಲವಾದ ತೆಳು ರೊಟ್ಟಿ ಒಂದಕ್ಕೆ 50ರಿಂದ 60 ಗ್ರಾಂ ಹಿಟ್ಟು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದರೆ ಮೂರು ರೊಟ್ಟಿಯಲ್ಲೇ 16 ಗ್ರಾಂ ಪ್ರೋಟೀನ್ ಬರುತ್ತದೆ. ಎಣ್ಣೆ ಒಂದು ಹನಿಯೂ ಇಲ್ಲ. ಕುದಿಯುವ ನೀರು ಹಾಕಿ ನಾದುವುದೇ ಇದರ ಗುಟ್ಟು. ಜೋಳದಲ್ಲಿ ಗೋಧಿಯ ಹಾಗೆ ಅಂಟು ಇಲ್ಲದ ಕಾರಣ ಬಿಸಿನೀರು ಪಿಷ್ಟವನ್ನು ಬೇಯಿಸಿ ಜಿಗಿ ಬರಿಸಬೇಕು. ನೀರು ಆರಿದ್ದರೆ, ಅಥವಾ ಹಿಟ್ಟು ಹಳೆಯದಾಗಿದ್ದರೆ, ಬಡಿಯುವಾಗಲೇ ಅಂಚು ಬಿರಿಯುತ್ತದೆ.

ಇಲ್ಲಿ ನೋಡಬೇಕಾದದ್ದು ಎರಡು. ರೊಟ್ಟಿ ಆರಿದ ಮೇಲೂ ಚಪಾತಿಯ ಹಾಗೆ ಮೆತ್ತಗೆ ಮಡಚಿಕೊಂಡರೆ ಅದರಲ್ಲಿ ಗೋಧಿ ಹಿಟ್ಟು ಬೆರೆತಿರುವ ಸಂಭವ ಇದೆ. ಗೋಧಿ ಆಗದವರು ಇದನ್ನು ಕೇಳಿಯೇ ತಿನ್ನಬೇಕು. ಎರಡನೆಯದು ಕಹಿ. ಜೋಳದ ಮೊಳಕೆಯ ಭಾಗದಲ್ಲಿ ಕೊಬ್ಬಿನಂಶ ಇರುವುದರಿಂದ ಬೀಸಿದ ಹಿಟ್ಟು ಬಹಳ ದಿನ ಇಟ್ಟರೆ ಕಮಟಾಗುತ್ತದೆ. ಬಾಯಿಗೆ ಕಹಿ ಹತ್ತಿದ ರೊಟ್ಟಿ ಹಳೆ ಹಿಟ್ಟಿನದು ಎಂದೇ ತಿಳಿಯಿರಿ. ದಿನಕ್ಕೆ ನೂರಾರು ರೊಟ್ಟಿ ಬಡಿಯುವ ಖಾನಾವಳಿಯಲ್ಲಿ ಹಿಟ್ಟು ನಿಲ್ಲುವುದಿಲ್ಲ, ಈ ತೊಂದರೆ ಅಪರೂಪ. ಗಿರಾಕಿ ಕಡಿಮೆ ಇರುವ ಕಡೆ ಮೂಗು ಚುರುಕಾಗಿರಲಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತು. ಜೋಳ ಒಳ್ಳೆಯದು ಅಂತ ಆರು ರೊಟ್ಟಿ ತಿನ್ನುವವರಿದ್ದಾರೆ. ನೂರು ಗ್ರಾಂ ಜೋಳದಲ್ಲಿ ಪಿಷ್ಟವೇ ಮೂರನೇ ಎರಡು ಪಾಲಿನ ಹತ್ತಿರ ಇದೆ. ಎರಡು ಅಥವಾ ಎರಡೂವರೆ ರೊಟ್ಟಿಗೆ ನಿಲ್ಲಿಸಿ, ಉಳಿದ ಹೊಟ್ಟೆಯನ್ನು ಕಾಳು ಮತ್ತು ಹಸಿ ತರಕಾರಿಯಿಂದ ತುಂಬಿಸಿ. ಕೊನೆಗೆ ಬರುವ ಅನ್ನ-ಸಾರನ್ನು ಬಿಟ್ಟರೂ ನಡೆಯುತ್ತದೆ. ಖಾನಾವಳಿಯವರು ಅನ್ನ ಒತ್ತಾಯ ಮಾಡಿ ಬಡಿಸುತ್ತಾರೆ, ಅದು ಈ ಭಾಗದ ಮರ್ಯಾದೆ. ಬ್ಯಾಳಿ ಸಾರನ್ನು ಬಟ್ಟಲಲ್ಲಿ ಹಾಕಿಸಿಕೊಂಡು ಕುಡಿದರೆ ಅವರಿಗೂ ಸಮಾಧಾನ, ನಿಮಗೂ ಪ್ರೋಟೀನ್.

ಈ ತಾಟಿನ ನಿಜವಾದ ಬಲ ಇರುವುದು ಕಾಳುಪಲ್ಯದಲ್ಲಿ. ಹೆಸರುಕಾಳು, ಮಡಕಿ ಕಾಳು, ಅಲಸಂದಿ, ಒಮ್ಮೊಮ್ಮೆ ಹುರುಳಿ, ಇವು ದಿನ ಬಿಟ್ಟು ದಿನ ಬದಲಾಗುತ್ತವೆ. ಒಣ ಲೆಕ್ಕದಲ್ಲಿ ನೂರು ಗ್ರಾಂಗೆ 20ರಿಂದ 22 ಗ್ರಾಂ ಪ್ರೋಟೀನ್. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ, ಕಾಳಿನಲ್ಲಿ ಅದು ಹೇರಳ. ಬೇಯಿಸಿದ ಜೋಳದ ಪ್ರೋಟೀನ್ ಪೂರ್ತಿ ಜೀರ್ಣವಾಗುವುದೂ ಇಲ್ಲ. ಹೀಗಾಗಿ ರೊಟ್ಟಿಯ ಜೊತೆ ಕಾಳು ಬೇಕೇ ಬೇಕು, ಬರೀ ಕೆಂಪು ಖಾರ ಹಚ್ಚಿಕೊಂಡು ರೊಟ್ಟಿ ತಿಂದರೆ ಲೆಕ್ಕ ಕೂಡುವುದಿಲ್ಲ. ತೊಂದರೆ ಏನೆಂದರೆ ಖಾನಾವಳಿಯ ಬಟ್ಟಲು ಸಣ್ಣದು. ಅದರಲ್ಲಿ ಒಣ ಕಾಳಿನ ಲೆಕ್ಕ 25-30 ಗ್ರಾಂ ದಾಟುವುದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿಯ ಮಾದರಿ ತಾಟಿನಲ್ಲಿ ದಿನಕ್ಕೆ 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ, 250 ಗ್ರಾಂ ಧಾನ್ಯ ಇದೆ. ಆ ತಾಟಿನಲ್ಲಿ 300 ಮಿಲಿ ಹಾಲೂ ಇದೆ, ಅದನ್ನು ಬಿಟ್ಟವರು ಕಾಳನ್ನು 100 ಗ್ರಾಂ ದಾಟಿಸುವುದು ಒಳ್ಳೆಯದು. ಅಂದರೆ ಪ್ರತಿ ಊಟಕ್ಕೆ ಎರಡು ಬಟ್ಟಲು. ಹೇಳಿಯೇ ಹಾಕಿಸಿಕೊಳ್ಳಬೇಕು:

"ಅಕ್ಕಾರ, ಮೊಸರು, ಬೆಣ್ಣಿ, ತುಪ್ಪ ಬ್ಯಾಡ್ರಿ. ಅದರ ಬದ್ಲಿ ಇನ್ನೊಂದ ಬಟ್ಟಲ ಕಾಳಪಲ್ಯ ಹಾಕ್ರಿ."

ಇಷ್ಟು ಹೇಳಿದರೆ ಹೆಚ್ಚಿನ ಕಡೆ ಇಲ್ಲ ಅನ್ನುವುದಿಲ್ಲ.

ಕಾಳುಪಲ್ಯದಲ್ಲಿ ಒಂದು ದೋಷ ಕೆಲವು ಕಡೆ ಕಾಣುತ್ತದೆ. ಕಾಳು ಬೇಗ ಬೇಯಲಿ ಅಂತ ಅಡುಗೆ ಸೋಡಾ ಹಾಕುತ್ತಾರೆ. ಸೋಡಾ ಬಿದ್ದ ಕಾಳು ಸಿಪ್ಪೆ ಬಿಟ್ಟು ಹಿಟ್ಟಾಗುತ್ತದೆ, ನಾಲಿಗೆಗೆ ಸಾಬೂನಿನ ಹಾಗೆ ಜಾರುತ್ತದೆ. ಬಿ1 ವಿಟಮಿನ್ ಅದರಲ್ಲಿ ಹಾಳಾಗುತ್ತದೆ, ಸೋಡಿಯಂ ಹೆಚ್ಚುತ್ತದೆ. ಬಿಪಿ ಇರುವವರಿಗೆ ಇದು ಎರಡು ಪಟ್ಟು ನಷ್ಟ. ಮೊಳಕೆ ಬರಿಸಿದ ಮಡಕಿ ಹಾಕುವ ಖಾನಾವಳಿ ಸಿಕ್ಕರೆ ಬಿಡಬೇಡಿ. ಮೊಳಕೆ ಬಂದ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ತಗ್ಗಿರುತ್ತದೆ, ಹೊಟ್ಟೆ ಉಬ್ಬರವೂ ಕಡಿಮೆ. ಮನೆಯಲ್ಲಿ ಮಾಡುವುದಾದರೆ ಕಾಳನ್ನು 8ರಿಂದ 10 ತಾಸು ನೆನೆಯಿಟ್ಟು, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ. ಬೇಸಿಗೆಯಲ್ಲಿ 12 ತಾಸಿನೊಳಗೆ ಮೊಳಕೆ ಒಡೆಯುತ್ತದೆ, ಚಳಿಗಾಲದಲ್ಲಿ ಇಡೀ ದಿನ ಬೇಕು. ಏಪ್ರಿಲ್-ಮೇ ಬಿಸಿಲಿನಲ್ಲಿ ಗಂಟು ಹಾಗೇ ಬಿಟ್ಟರೆ ಹುಳಿ ವಾಸನೆ ಬಂದು ಲೋಳೆಯಾಗುತ್ತದೆ, ನಡುವೆ ಎರಡು ಸಲ ತಣ್ಣೀರಿನಲ್ಲಿ ತೊಳೆದು ಮತ್ತೆ ಕಟ್ಟಬೇಕು. ಒಗ್ಗರಣೆಗೆ ಹಾಕಿ ಮುಚ್ಚಿಟ್ಟರೆ ಏಳೆಂಟು ನಿಮಿಷಕ್ಕೆ ಬೇಯುತ್ತದೆ, ಕುಕ್ಕರ್ ಬೇಡ.

ಮಸಾಲೆ ತುಂಬಿದ ಎಣಗಾಯಿ ಬದನಿಕಾಯಿ ಈ ತಾಟಿನ ರಾಜ. ಎಣ್ಣೆಯ ಲೆಕ್ಕ ತಪ್ಪುವುದೂ ಇಲ್ಲಿಯೇ. ಮೇಲೆ ಎಣ್ಣೆ ತೇಲಿದರೆ ಮಾತ್ರ ಗಿರಾಕಿ ಒಪ್ಪುತ್ತಾನೆ ಎಂಬ ನಂಬಿಕೆ ಖಾನಾವಳಿಗಳಲ್ಲಿ ಗಟ್ಟಿಯಾಗಿ ಕೂತಿದೆ. ಪೋಷಣಾ ಸಂಸ್ಥೆಯ ಮಾದರಿ ತಾಟಿನಲ್ಲಿ ಇಡೀ ದಿನಕ್ಕೆ ಇರುವ ಎಣ್ಣೆ 27 ಗ್ರಾಂ, ಅಂದರೆ ಆರು ಟೀ ಚಮಚದಷ್ಟು. ತಾಟಿನಲ್ಲಿ ಬದನಿಕಾಯಿಯ ಸುತ್ತ ಕೆಂಪಗೆ ಹರಡಿ ನಿಲ್ಲುವ ಎಣ್ಣೆಯೇ ಅದರ ಅರ್ಧ ಆಗಬಹುದು. ಬದನಿಕಾಯಿಯನ್ನು ಚಮಚದಿಂದ ಎತ್ತಿ, ಬಟ್ಟಲಿನ ಅಂಚಿಗೆ ಒತ್ತಿ ಎಣ್ಣೆ ಬಸಿದು, ಆಮೇಲೆ ತಾಟಿಗೆ ಹಾಕಿಕೊಳ್ಳಿ. ಮಸಾಲೆ ಕಾಯಿಯೊಳಗೇ ಇರುತ್ತದೆ, ರುಚಿ ಎಲ್ಲೂ ಹೋಗುವುದಿಲ್ಲ.

ಈ ಪಲ್ಯಕ್ಕೆ ಅಷ್ಟು ಎಣ್ಣೆ ನಿಜಕ್ಕೂ ಬೇಕಿಲ್ಲ. ಅರ್ಧ ಕಿಲೋ ಎಳೆ ಬದನಿಕಾಯಿಗೆ 60 ಗ್ರಾಂ ಹುರಿದ ಶೇಂಗಾ, 20 ಗ್ರಾಂ ಎಳ್ಳು, ಒಂದು ಚಮಚ ಗುರೆಳ್ಳು, ಎರಡು ಉಳ್ಳಾಗಡ್ಡಿ, ಒಂದು ಗಡ್ಡೆ ಬಳ್ಳೊಳ್ಳಿ, ನಿಂಬೆ ಗಾತ್ರದ ಹುಣಸೆ, ಸ್ವಲ್ಪ ಬೆಲ್ಲ, ಮಸಾಲೆ ಖಾರ. ಎಣ್ಣೆ ಎರಡು ದೊಡ್ಡ ಚಮಚ, ನಾಲ್ಕು ಮಂದಿಗೆ. ಸಣ್ಣ ಉರಿಯಲ್ಲಿ ಮುಚ್ಚಿ ಇಪ್ಪತ್ತು ನಿಮಿಷ ಇಟ್ಟರೆ ಶೇಂಗಾ-ಎಳ್ಳಿನ ಎಣ್ಣೆಯೇ ಬಿಟ್ಟುಕೊಂಡು ಮೇಲೆ ಬರುತ್ತದೆ. ಗುರೆಳ್ಳು ಹುರಿಯುವಾಗ ಚಟಪಟ ಅಂದ ಕೂಡಲೇ ಇಳಿಸಬೇಕು, ಹೊತ್ತಿದರೆ ಇಡೀ ಪಲ್ಯ ಕಹಿ. ತಳ ಹಿಡಿಯುತ್ತಿದ್ದರೆ ಬಿಸಿನೀರನ್ನೇ ಚಿಮುಕಿಸಿ, ತಣ್ಣೀರು ಹಾಕಿದರೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ.

ತಾಟಿನ ಬದಿಗೆ ಬರುವ ಹಸಿ ಪದಾರ್ಥಗಳಿಗೆ ಪೂರ್ತಿ ಅಂಕ. ಮೆಂತೆ ಸೊಪ್ಪು, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು, ಸೌತೆಕಾಯಿ, ಗಜ್ಜರಿ, ಮೂಲಂಗಿ. ಬೇಯಿಸದ ಕಾರಣ ಸಿ ವಿಟಮಿನ್ ಉಳಿದಿರುತ್ತದೆ, ಅದು ಕಾಳು-ರೊಟ್ಟಿಯ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಇಂಡಿ ಕಡೆಯ ನಿಂಬೆ ಇಷ್ಟು ಹತ್ತಿರ ಇರುವಾಗ ಕಾಳುಪಲ್ಯದ ಮೇಲೆ ಅರ್ಧ ಹೋಳು ಹಿಂಡಿಕೊಳ್ಳದೆ ಇರುವುದು ದೊಡ್ಡ ನಷ್ಟ. ಊಟ ಮುಗಿದ ಕೂಡಲೇ ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುವ ರೂಢಿಯನ್ನು ಮಾತ್ರ ಬಿಡಬೇಕು. ಚಹಾದ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಒಂದು ತಾಸಾದರೂ ಅಂತರ ಇರಲಿ. ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕು ಎಂದು ಐಸಿಎಂಆರ್ ಹೇಳುತ್ತದೆ, ಗಂಡಸರಿಗೆ 19. ಹೆಂಗಸರು ಇದನ್ನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಹಸಿ ಸೊಪ್ಪಿನಲ್ಲಿ ಒಂದೇ ಅಂಜಿಕೆ, ಸರಿಯಾಗಿ ತೊಳೆದಿದ್ದಾರೋ ಇಲ್ಲವೋ ಎಂಬುದು. ಬುಡದಲ್ಲಿ ಕರಿ ಮಣ್ಣು ಕಂಡರೆ ಬದಿಗಿಡಿ.

ಪುಂಡಿಪಲ್ಯ, ಚವಳಿಕಾಯಿ ಪಲ್ಯ, ಝುಣಕ ಮೂರೂ ಸೈ. ಝುಣಕದಲ್ಲಿ ಕಡಲೆ ಹಿಟ್ಟೇ ಮುಖ್ಯ ಆದ್ದರಿಂದ ಕಾಳು ಕಡಿಮೆ ಬಿದ್ದ ದಿನ ಅದನ್ನು ಹೆಚ್ಚು ಹಾಕಿಸಿಕೊಳ್ಳಬಹುದು.

ಇನ್ನು ಹಿಂಡಿಗಳು, ಅಂದರೆ ಚಟ್ನಿಪುಡಿಗಳು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಹಾಲು ಬಿಟ್ಟವರಿಗೆ ಇವು ಬರೀ ನಂಜಿಕೊಳ್ಳುವ ಪದಾರ್ಥ ಅಲ್ಲ, ಊಟದ ಒಂದು ಭಾಗ. ಎರಡು ಚಮಚ, ಅಂದರೆ 20 ಗ್ರಾಂ ಶೇಂಗಾ ಹಿಂಡಿಯಲ್ಲಿ ನಾಲ್ಕೈದು ಗ್ರಾಂ ಪ್ರೋಟೀನ್. ಅಗಸಿಯಲ್ಲಿ ಮೀನು ತಿನ್ನದವರಿಗೆ ಬೇಕಾದ ಒಮೇಗಾ-3 ಎಂಬ ಕೊಬ್ಬು ಇದೆ. ಹತ್ತು ಗ್ರಾಂ ಅಗಸಿ ಪುಡಿಯಲ್ಲಿ ಸುಮಾರು 2 ಗ್ರಾಂ, ಅಷ್ಟು ದಿನಕ್ಕೆ ಸಾಕು. ಇಡಿ ಅಗಸಿ ತಿಂದರೆ ಹಾಗೇ ಹೊರಗೆ ಹೋಗುತ್ತದೆ, ಕುಟ್ಟಿದ್ದೇ ಆಗಬೇಕು. ಕುಟ್ಟಿದ ಮೇಲೆ ಗಾಳಿಗೆ ಬೇಗ ಕಮಟಾಗುತ್ತದೆ ಎಂಬುದೇ ಇದರ ದೌರ್ಬಲ್ಯ. ಪೇಟೆಯಲ್ಲಿ, ರೊಟ್ಟಿ ಕೇಂದ್ರಗಳಲ್ಲಿ ಪೊಟ್ಟಣದಲ್ಲಿ ಸಿಗುವ ಅಗಸಿ ಹಿಂಡಿಯನ್ನು ಕೊಳ್ಳುವಾಗ ತಯಾರಾದ ದಿನಾಂಕ ನೋಡಿ, ಒಂದು ವಾರ-ಹತ್ತು ದಿನಕ್ಕೆ ಆಗುವಷ್ಟೇ ತನ್ನಿ, ಬಿಗಿ ಡಬ್ಬಿಯಲ್ಲಿ ತಂಪು ಜಾಗದಲ್ಲಿ ಇಡಿ. ಹಳೆ ಪೇಂಟಿನಂಥ ವಾಸನೆ ಬಂದರೆ ಚೆಲ್ಲಿ.

ಶೇಂಗಾ ಹಿಂಡಿಯಲ್ಲಿ ನೋಡಬೇಕಾದದ್ದು ಬೂಷ್ಟು. ಸುಕ್ಕುಗಟ್ಟಿದ, ಕಪ್ಪಾದ, ಕಹಿ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ಶಿಲೀಂಧ್ರದ ವಿಷ ಇರಬಹುದು, ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಪುಡಿಯಾದ ಮೇಲೆ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ನಾಲಿಗೆಯೇ ಗತಿ: ಕಹಿ ಹತ್ತಿದ ಹಿಂಡಿಯನ್ನು ಖಾರದಲ್ಲಿ ಮುಚ್ಚಿಕೊಂಡು ತಿನ್ನಬೇಡಿ. ಮನೆಯಲ್ಲಿ ಕುಟ್ಟುವವರು ಆರಿಸಿ ಕುಟ್ಟಿದರೆ ಈ ಚಿಂತೆ ಬಹಳ ಕಡಿಮೆ. ಉಪ್ಪು ಇನ್ನೊಂದು ಚಿಂತೆ. ಹಿಂಡಿ, ಉಪ್ಪಿನಕಾಯಿ, ಕೆಂಪು ಖಾರ, ಹಪ್ಪಳ ನಾಲ್ಕೂ ಸೇರಿದರೆ ದಿನದ 5 ಗ್ರಾಂ ಉಪ್ಪಿನ ಮಿತಿ ಒಂದೇ ಊಟದಲ್ಲಿ ಮುಗಿಯಬಹುದು. ಹಿಂಡಿ ಇಟ್ಟುಕೊಂಡು ಉಳಿದ ಮೂರನ್ನು ಬಿಡುವುದು ನಮ್ಮ ಸಲಹೆ.

ಹಾಲಿನ ಪದಾರ್ಥ ಎಲ್ಲೆಲ್ಲಿ ಅಡಗಿರುತ್ತದೆ ಎಂಬುದಕ್ಕೆ ಬರೋಣ. 'ಶುದ್ಧ ಸಸ್ಯಾಹಾರಿ' ಎಂಬ ಫಲಕ ಹಾಲಿನ ಬಗ್ಗೆ ಏನೂ ಹೇಳುವುದಿಲ್ಲ. ರೊಟ್ಟಿಯ ಮೇಲೆ ಬೆಣ್ಣೆ ಉಂಡೆ, ಬಟ್ಟಲಲ್ಲಿ ಮೊಸರು ಕಣ್ಣಿಗೆ ಕಾಣುತ್ತವೆ, ಬೇಡ ಅನ್ನಬಹುದು. ಕಾಣದ್ದು ಪಚಡಿಯ ಮೊಸರು, ಮಜ್ಜಿಗೆ ಸಾರು, ಹೋಳಿಗೆಗೆ ಸವರುವ ತುಪ್ಪ, ಚಪಾತಿ ಹಿಟ್ಟಿಗೆ ಹಾಕುವ ಹಾಲು. ಸಿಹಿ ತಿನಿಸಿನಲ್ಲಿ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ ಒಳಗಿನಿಂದ ಹಾಲಿಲ್ಲದವು, ಬೇಯಿಸುವಾಗ ತುಪ್ಪ ಹಾಕಿದ್ದಾರೋ ಎಣ್ಣೆಯೋ ಕೇಳಿ. ಅಮೀನಗಡದ ಕರದಂಟಿನಲ್ಲಿ ಬರೀ ಅಂಟು (ತಿನ್ನುವ ಗೋಂದು), ಬೆಲ್ಲ, ಒಣಹಣ್ಣು ಇರುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಅಂಟನ್ನು ಸಾಂಪ್ರದಾಯಿಕವಾಗಿ ಹುರಿಯುವುದು ತುಪ್ಪದಲ್ಲಿ. ಬೆಳಗಾವಿಯ ಕುಂದಾ ಹಾಲಿನದೇ, ಅದರ ಮಾತೇ ಬೇಡ. ಪೊಟ್ಟಣದ ತಿನಿಸಿಗೆ ಹಸಿರು ಚುಕ್ಕೆ ನೋಡಿದರೆ ಸಾಲದು, ಹಾಲಿದ್ದರೂ ಹಸಿರು ಚುಕ್ಕೆ ಇರುತ್ತದೆ. ಪ್ರಾಣಿಮೂಲದ ಏನೂ ಇಲ್ಲದ ಪದಾರ್ಥಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರ ನಿಯಮದಲ್ಲಿ ಬೇರೆ ವೀಗನ್ ಗುರುತು ತಂದಿದೆ, ಹಸಿರು ವಿ ಅಕ್ಷರದ ಮೇಲೆ ಎಲೆ. ಅದನ್ನು ಹುಡುಕಿ.

ಮೊಸರಿಲ್ಲದೆ ರೊಟ್ಟಿ ಇಳಿಯುವುದಿಲ್ಲ ಎನ್ನುವವರಿಗೆ ಶೇಂಗಾ ಮೊಸರು ಇದೆ. ಖಾನಾವಳಿಯಲ್ಲಿ ಸಿಗುವುದಿಲ್ಲ, ಮನೆಯಲ್ಲಿ ಮಾಡಿ ಡಬ್ಬಿಯ ಜೊತೆ ಇಟ್ಟುಕೊಳ್ಳಬಹುದು. ಒಂದು ಬಟ್ಟಲು ಹಸಿ ಶೇಂಗಾ ಎಂಟು ತಾಸು ನೆನೆಯಿಟ್ಟು, ಸಿಪ್ಪೆ ಉಜ್ಜಿ ತೆಗೆದು, ಎರಡೂವರೆ ಬಟ್ಟಲು ನೀರು ಹಾಕಿ ನುಣ್ಣಗೆ ರುಬ್ಬಿ, ತೆಳು ಬಟ್ಟೆಯಲ್ಲಿ ಸೋಸಿ. ಆ ಹಾಲನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕುತ್ತ ಹತ್ತು ನಿಮಿಷ ಕುದಿಸಿ. ಬಿಟ್ಟರೆ ತಳ ಹಿಡಿದು ಸೀದ ವಾಸನೆ ಕೊನೆವರೆಗೂ ಹೋಗುವುದಿಲ್ಲ. ಬೆರಳು ಅದ್ದಿದರೆ ಉಗುರುಬೆಚ್ಚಗೆ ಅನ್ನಿಸುವಷ್ಟು ಆರಿದ ಮೇಲೆ ಏಳೆಂಟು ಹಸಿಮೆಣಸಿನಕಾಯಿಯ ತೊಟ್ಟು ಮುಳುಗಿಸಿ ಮುಚ್ಚಿಡಿ. ತೊಟ್ಟಿನ ಮೇಲಿರುವ ಸೂಕ್ಷ್ಮಾಣುಗಳೇ ಹೆಪ್ಪಿನ ಕೆಲಸ ಮಾಡುತ್ತವೆ. ಹತ್ತು-ಹನ್ನೆರಡು ತಾಸಿಗೆ ಹೆಪ್ಪಾಗುತ್ತದೆ. ಮೊದಲ ಸಲದ ಮೊಸರಿಗೆ ಶೇಂಗಾ ವಾಸನೆ ಗಾಢವಾಗಿರುತ್ತದೆ, ಅದರಲ್ಲೇ ಎರಡು ಚಮಚ ತೆಗೆದು ಮುಂದಿನ ಸಲಕ್ಕೆ ಹೆಪ್ಪು ಹಾಕಿದರೆ ರುಚಿ ತಿಳಿಯಾಗುತ್ತದೆ. ನೀರು ಜಾಸ್ತಿಯಾದರೆ ಹೆಪ್ಪಾಗದೆ ಮಜ್ಜಿಗೆಯಾಗಿ ಉಳಿಯುತ್ತದೆ, ಹಾಲು ಬಿಸಿಯಾಗಿದ್ದಾಗಲೇ ತೊಟ್ಟು ಹಾಕಿದರೆ ಹೆಪ್ಪೇ ಸತ್ತುಹೋಗುತ್ತದೆ.

ಬಾದಾಮಿ ಹಾಲಿಗೆ ದುಡ್ಡು ಸುರಿಯುವ ಮುನ್ನ ನಮ್ಮ ಕುಸುಬಿಯನ್ನೂ ನೆನೆಸಿಕೊಳ್ಳಬೇಕು. ಕುಸುಬಿಯನ್ನು ರಾತ್ರಿ ನೆನೆಯಿಟ್ಟು, ರುಬ್ಬಿ, ಹಿಂಡಿ ತೆಗೆದ ಹಾಲಿನಲ್ಲಿ ಬೆಲ್ಲ ಹಾಕಿ ಹುಗ್ಗಿ ಮಾಡುವುದು ಈ ಸೀಮೆಯ ಹಳೆಯ ಅಡುಗೆ. ಕುಸುಬಿಯ ಸಿಪ್ಪೆ ಗಡುಸು, ಆದ್ದರಿಂದ ಎರಡು ಸಲ ಸೋಸಲೇಬೇಕು. ಜೋರು ಉರಿಯಲ್ಲಿ ಈ ಹಾಲು ಒಡೆಯುತ್ತದೆ. ಪೇಟೆಯ ಬಾದಾಮಿ ಹಾಲಿನಲ್ಲಿ ಪ್ರೋಟೀನ್ ತೀರಾ ಕಡಿಮೆ. ಕೊಳ್ಳುವುದೇ ಆದರೆ ಸಕ್ಕರೆ ಹಾಕದ, ಕ್ಯಾಲ್ಸಿಯಂ ಮತ್ತು ಬಿ12 ಸೇರಿಸಿದ ಸೋಯಾ ಹಾಲು ಕೊಳ್ಳಿ.

ಕ್ಯಾಲ್ಸಿಯಂ ಮಾತು ಬಂತು. ಶೇಂಗಾ ಮೊಸರು, ಕುಸುಬಿ ಹಾಲು ರುಚಿಗೆ ಸರಿ, ಆಕಳ ಮೊಸರಿನ ಕ್ಯಾಲ್ಸಿಯಂ ಅವುಗಳಲ್ಲಿ ಇಲ್ಲ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಜೋಳದಲ್ಲಿ ನೂರು ಗ್ರಾಂಗೆ 30ರ ಒಳಗೆ. ಈ ಕೊರತೆ ತುಂಬುವುದು ನುಗ್ಗೆ ಸೊಪ್ಪು, ಮೆಂತೆ ಸೊಪ್ಪು, ರಾಗಿ, ಹುರುಳಿ ಮತ್ತು ಎಳ್ಳು. ನೂರು ಗ್ರಾಂ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂ ದಾಟುತ್ತದೆ, ರಾಗಿಯಲ್ಲಿ 360ರ ಆಸುಪಾಸು. ಎಳ್ಳಿನಲ್ಲಿ ಲೆಕ್ಕಕ್ಕೆ ಸಾವಿರ ದಾಟಿದರೂ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಕಟ್ಟಿಹಾಕುವ ಆಕ್ಸಲೇಟಿನ ಕಾರಣ ಎಲ್ಲವೂ ಮೈಗೆ ಹತ್ತುವುದಿಲ್ಲ, ಅದೊಂದನ್ನೇ ನಂಬಬೇಡಿ. ರಾಜಗಿರಿ, ಪಾಲಕಿಗೂ ಇದೇ ಮಾತು ಅನ್ವಯ. ಖಾನಾವಳಿಯಲ್ಲಿ ನುಗ್ಗೆ ಸೊಪ್ಪು ಅಪರೂಪ, ರಾಗಿ ಇಲ್ಲವೇ ಇಲ್ಲ. ಬೆಳಗಿನ ನಾಷ್ಟಾದಲ್ಲಿ ರಾಗಿ ಗಂಜಿಯೋ ರಾಗಿ ರೊಟ್ಟಿಯೋ ಮನೆಯಲ್ಲೇ ಆಗಬೇಕು.

ಬಿ12. ಇದು ಗಿಡದಿಂದ ಬರುವ ಯಾವ ಆಹಾರದಲ್ಲೂ ನಂಬುವಷ್ಟು ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಬರುತ್ತದೆ, ಸ್ಪಿರುಲಿನಾದಲ್ಲಿ ಇದೆ, ಅಣಬೆಯಲ್ಲಿ ಇದೆ ಎಂಬ ಮಾತುಗಳನ್ನು ನೆಚ್ಚಿ ಕೂಡಬೇಡಿ. ದಿನಕ್ಕೆ ಬೇಕಾದದ್ದು ಎರಡು ಮೈಕ್ರೋಗ್ರಾಂಗಿಂತ ಸ್ವಲ್ಪ ಮೇಲೆ, ಆದರೆ ಅದಿಲ್ಲದೆ ನಡೆಯುವುದಿಲ್ಲ. ಯಕೃತ್ತಿನಲ್ಲಿ ದಾಸ್ತಾನು ಇರುವುದರಿಂದ ಹಾಲು ಬಿಟ್ಟ ಮೊದಲ ವರ್ಷ ಏನೂ ಅನ್ನಿಸದೆ ಇರಬಹುದು, ಮೈ ಹಗುರಾಗಿದೆ ಎಂದು ಖುಷಿಯೂ ಆಗಬಹುದು. ಆಮೇಲೆ ಅಂಗಾಲು ಜೋಮು, ಮರೆವು, ಸುಸ್ತು, ನಾಲಿಗೆ ಉರಿ ಶುರುವಾಗುತ್ತವೆ. ಸೊಪ್ಪು-ಕಾಳು ಹೆಚ್ಚು ತಿನ್ನುವವರಲ್ಲಿ ಫೋಲೇಟ್ ಎಂಬ ಇನ್ನೊಂದು ಬಿ ವಿಟಮಿನ್ ಚೆನ್ನಾಗಿರುವುದರಿಂದ ರಕ್ತಹೀನತೆ ಕಾಣದೆಯೇ ನರಗಳು ಹಾಳಾಗುವ ಅಪಾಯ ಇದೆ. ತಡವಾದರೆ ಆ ಹಾನಿ ಪೂರ್ತಿ ಸರಿಹೋಗುವುದಿಲ್ಲ. ಮೊದಲಿನಿಂದ ಹಾಲು ಕಡಿಮೆ ಇದ್ದ ಸಸ್ಯಾಹಾರಿಗಳಿಗೆ ದಾಸ್ತಾನೇ ಕಡಿಮೆ ಇರುತ್ತದೆ, ಅವರು ಒಂದು ವರ್ಷವನ್ನೂ ಕಾಯಬಾರದು.

ಆದ್ದರಿಂದ ಶುರು ಮಾಡುವ ವಾರದಲ್ಲೇ ರಕ್ತದಲ್ಲಿ ಬಿ12, ಹಿಮೋಗ್ಲೋಬಿನ್, ಫೆರಿಟಿನ್ (ಕಬ್ಬಿಣದ ದಾಸ್ತಾನು), ಡಿ ವಿಟಮಿನ್ ಪರೀಕ್ಷೆ ಮಾಡಿಸಿ. ಸಯನೊಕೊಬಾಲಮಿನ್ ಎಂಬ ಬಿ12 ಮಾತ್ರೆ ದಿನಕ್ಕೆ 50 ಮೈಕ್ರೋಗ್ರಾಂ ಅಥವಾ ವಾರಕ್ಕೆ 2000 ಮೈಕ್ರೋಗ್ರಾಂ ಎಂಬುದು ಪೂರ್ತಿ ಸಸ್ಯಮೂಲದ ಊಟದವರಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ. ಈಗಾಗಲೇ ಕೊರತೆ ಇದ್ದರೆ ವೈದ್ಯರು ಬೇರೆ ಪ್ರಮಾಣ ಅಥವಾ ಚುಚ್ಚುಮದ್ದು ಹೇಳುತ್ತಾರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಮಾತು ಇನ್ನೂ ಮುಖ್ಯ, ಆ ಮಾತ್ರೆಯೇ ಬಿ12 ಹೀರುವಿಕೆಯನ್ನು ತಗ್ಗಿಸುತ್ತದೆ. ಉಪ್ಪಿನ ಬಗ್ಗೆ ಇನ್ನೊಂದು: ಹಾಲಿನ ಅಯೋಡಿನ್ ತಪ್ಪುವುದರಿಂದ ಮನೆಯಲ್ಲಿ ಸೈಂಧವ ಉಪ್ಪಿನ ಬದಲು ಅಯೋಡಿನ್ ಉಪ್ಪನ್ನೇ ಇಟ್ಟುಕೊಳ್ಳಿ.

ಈ ಊಟ ಯಾರಿಗೆ ವೈದ್ಯರನ್ನು ಕೇಳದೆ ಬೇಡ? ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಜೋರು ಮಾತ್ರೆಯಲ್ಲಿರುವವರಿಗೆ. ಅನ್ನ ಬಿಟ್ಟು ಕಾಳು-ನಾರು ಹೆಚ್ಚಿಸಿದರೆ ಸಕ್ಕರೆ ಒಮ್ಮೆಲೇ ಕುಸಿದು ತಲೆ ತಿರುಗಬಹುದು, ಮೊದಲ ಎರಡು ವಾರ ಬೆರಳ ಪರೀಕ್ಷೆ ಹೆಚ್ಚಿಸಿ, ಮಾತ್ರೆಯ ಪ್ರಮಾಣ ತಗ್ಗಿಸಬೇಕೇ ಕೇಳಿ. ಮೂತ್ರಪಿಂಡದ ತೊಂದರೆಯವರಿಗೆ ಕಾಳು-ಸೊಪ್ಪಿನ ಪೊಟ್ಯಾಶಿಯಂ ತೊಡಕಾಗಬಹುದು. ರಕ್ತ ತೆಳುವಾಗಲು ವಾರ್‌ಫರಿನ್ ತೆಗೆದುಕೊಳ್ಳುವವರು ಸೊಪ್ಪಿನ ಪ್ರಮಾಣವನ್ನು ಒಮ್ಮೆಗೇ ಏರಿಸಬಾರದು. ಬಸುರಿ-ಬಾಣಂತಿಯರೂ ಕೇಳಿಯೇ ಮುಂದುವರಿಯಬೇಕು.

ತಿಂಗಳ ಡಬ್ಬಿಯ ಬಗ್ಗೆ ನಮ್ಮ ಅಭಿಪ್ರಾಯ ಕೂತು ಉಣ್ಣುವ ಊಟದಷ್ಟು ಒಳ್ಳೆಯದಿಲ್ಲ. ಡಬ್ಬಿಯಲ್ಲಿ ಹಸಿ ಸೊಪ್ಪು ಬರುವುದಿಲ್ಲ, ಬಂದರೂ ಬಾಡಿರುತ್ತದೆ. ಬಿಸಿ ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಹಬೆ ನೀರಾಗಿ ಅಂಟಿಕೊಳ್ಳುತ್ತದೆ. ಅರಿವೆಯಲ್ಲಿ ಸುತ್ತಿ ಕಳಿಸಲು ಹೇಳಿ, ಇಲ್ಲವೇ ಡಬ್ಬಿಗೆ ಕಡಕ್ ರೊಟ್ಟಿಯೇ ಹಾಕಿಸಿಕೊಳ್ಳಿ. ಕಡಕ್ ರೊಟ್ಟಿ ಒಣಗಿದ ಡಬ್ಬಿಯಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಅರ್ಧ ನಿಮಿಷ ಕಾಯಿಸಿ. ಬೂಷ್ಟಿನ ಹಸಿರು-ಬಿಳಿ ಚುಕ್ಕೆ ಕಂಡರೆ ಆ ಕಟ್ಟನ್ನೇ ಬಿಸಾಡಿ, ಚುಕ್ಕೆ ಇರುವಲ್ಲಿ ಮಾತ್ರ ಮುರಿದು ತೆಗೆದು ಉಳಿದದ್ದು ತಿನ್ನಬೇಡಿ. ಕಾಳುಪಲ್ಯ ಬೇಸಿಗೆಯಲ್ಲಿ ಎರಡು ತಾಸಿಗಿಂತ ಹೆಚ್ಚು ಹೊತ್ತು ಹೊರಗಿಡಬಾರದು. ಮಧ್ಯಾಹ್ನದ ಡಬ್ಬಿಯ ಪಲ್ಯವನ್ನು ರಾತ್ರಿಗೆ ಉಳಿಸುವ ಲೆಕ್ಕಾಚಾರ ಬೇಡ. ತಿಂಗಳ ಗಿರಾಕಿಯಾದರೆ ಒಂದು ಅನುಕೂಲ ಇದೆ: ಎಣ್ಣೆ ಹಾಕುವ ಮೊದಲೇ ನಿಮ್ಮ ಪಾಲಿನ ಬೇಯಿಸಿದ ಕಾಳನ್ನು ತೆಗೆದಿಡಲು ಹೇಳಬಹುದು, ಮನೆಯಲ್ಲಿ ಒಂದು ಚಮಚ ಎಣ್ಣೆಯ ಒಗ್ಗರಣೆ ಕೊಟ್ಟರಾಯಿತು.

ಹೊಟ್ಟೆ ಉಬ್ಬರದ ದೂರು ಮೊದಲ ವಾರದಲ್ಲಿ ಬರುತ್ತದೆ. ಅದು ಖಾನಾವಳಿಯ ತಪ್ಪಲ್ಲ. ನಾರು ಒಮ್ಮೆಲೇ ಹೆಚ್ಚಿದಾಗ ಕರುಳು ಹೊಂದಿಕೊಳ್ಳಲು ಎರಡು-ಮೂರು ವಾರ ಹಿಡಿಯುತ್ತದೆ. ಮೊದಲು ಹೆಸರುಕಾಳು, ಆಮೇಲೆ ಮಡಕಿ, ಕೊನೆಗೆ ಅಲಸಂದಿ-ಕಡಲೆ ಎಂಬ ಕ್ರಮದಲ್ಲಿ ಹೋಗಿ, ನೀರು ಹೆಚ್ಚು ಕುಡಿಯಿರಿ. ಪಲ್ಯದಲ್ಲಿ ಅಜವಾನ, ಇಂಗು ಇದ್ದರೆ ಒಳ್ಳೆಯದು. ಮಿರ್ಚಿ ಭಜಿ, ಪೂರಿಯಂಥ ಬೆಳಗಿನ ನಾಷ್ಟಾ ಮಾತ್ರ ಈ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ಅವುಗಳಲ್ಲಿ ಹಾಲಿಲ್ಲ ನಿಜ, ಆರೋಗ್ಯವೂ ಇಲ್ಲ. ಚುರುಮುರಿ ಸುಸಲಾ ತಿನ್ನಲೇಬೇಕಾದರೆ ಮೇಲೆ ಎರಡು ಹಿಡಿ ಮೊಳಕೆ ಕಾಳು, ಹುರಿಗಡಲೆ ಪುಡಿ, ಹಸಿ ಉಳ್ಳಾಗಡ್ಡಿ, ನಿಂಬೆ ಸೇರಿಸಿಕೊಳ್ಳಿ.

ಶುರು ಮಾಡಲು ಒಳ್ಳೆಯ ಕಾಲ ದೀಪಾವಳಿಯಿಂದ ಶಿವರಾತ್ರಿಯವರೆಗೆ. ಆಗ ಖಾನಾವಳಿಯ ತಾಟಿನಲ್ಲಿ ಹಕ್ಕರಕಿ, ಮೆಂತೆ, ಹಸಿ ಕಡಲೆಯ ಸುಲಗಾಯಿ, ಎಳೆ ಬದನಿಕಾಯಿ ಎಲ್ಲ ತುಂಬಿರುತ್ತದೆ, ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯೂ ಸಿಗುತ್ತದೆ. ಸಜ್ಜೆಯಲ್ಲಿ ಕಬ್ಬಿಣ ಜೋಳಕ್ಕಿಂತ ಹೆಚ್ಚು, ನೂರು ಗ್ರಾಂಗೆ 6 ಮಿಲಿಗ್ರಾಂ ದಾಟುತ್ತದೆ. ಬೇಸಿಗೆ ಬಂದ ಕೂಡಲೇ ಸೊಪ್ಪು ಕಡಿಮೆಯಾಗಿ ತಾಟು ಬಟಾಟಿ ಪಲ್ಯದ ಕಡೆಗೆ ವಾಲುತ್ತದೆ. ಆ ಮೂರು ತಿಂಗಳು ನುಗ್ಗೆ ಸೊಪ್ಪು, ಚವಳಿಕಾಯಿ, ಹೀರೇಕಾಯಿಯನ್ನು ಲಾಲ್ ಬಹದ್ದೂರ್ ಶಾಸ್ತ್ರಿ ಮಾರುಕಟ್ಟೆಯಿಂದ ತಂದು ಮನೆಯಲ್ಲಿ ಒಂದು ಪಲ್ಯ ಮಾಡಿ, ರೊಟ್ಟಿ-ಕಾಳಿಗೆ ಖಾನಾವಳಿಯನ್ನು ನೆಚ್ಚಿಕೊಳ್ಳುವುದು ಸರಿ.